ಕೊಬ್ಬರಿಯೊಳಗಿನ ರಿಂಗಿಟ್

ಎಲ್ಲದಕ್ಕೂ ಕಾರಣ ಐವತ್ತು ಪೈಸೆ.

ತಿಪಟೂರಿನ ಕಾಲೇಜೊಂದರ ಗುಮಾಸ್ತ ಬಸವಕುಮಾರ್ ಅಂದು ಸಂಜೆ ಹೆಂಡತಿ ಜೀವಿತಾಳ ಜೊತೆ ಮಲೇಷಿಯಾಕ್ಕೆ ಹೊರಡುವವನಿದ್ದ. ಅಲ್ಲಿನ ದುಡ್ಡಿಗೆ ರಿಂಗಿಟ್ ಅನ್ನುತ್ತಾರೆ. ಅದನ್ನು ಟೂರಿನವರು ಹೇಳಿದ ಅಂಗಡಿಯಲ್ಲೇ ಕೊಳ್ಳಿ, ರಸೀದಿ ಸಿಗುತ್ತೆ ಎಂದು ಜೀವಿತಾ ವಾರದಿಂದ ಹೇಳುತ್ತಿದ್ದಳು. ಬಸವಕುಮಾರನೋ, ಕೊತ್ತಂಬರಿ ಕೊಂಡ ಮೇಲೆ ಎರಡೆಸಳು ಕರಿಬೇವು ಕೊಸರದೆ ಸೊಪ್ಪಿನವಳ ಮುಂದಿನಿಂದ ಎದ್ದವನಲ್ಲ. ಪಕ್ಕದ ಮನೆಯ ಸೂರ್ಯಪ್ರಕಾಶ್ ಮಲೇಷಿಯಾಕ್ಕೆ ಹೋಗಿ ಬಂದವನು, ಅವನ ಹತ್ತಿರ ಎರಡು ಸಾವಿರ ರಿಂಗಿಟ್ ಮಿಕ್ಕಿದೆ ಎಂದು ಗೊತ್ತಾದದ್ದೇ ತಡ, ಬೆಳಿಗ್ಗೆ ಹಲ್ಲುಜ್ಜುತ್ತಲೇ ಕಾಂಪೌಂಡಿನ ಮೇಲೆ ವ್ಯಾಪಾರ ಕುದುರಿಸಿದ.

"ಅಂಗಡಿ ರೇಟಿಗಿಂತ ಐವತ್ತು ಪೈಸೆ ಕಮ್ಮಿ ಮಾಡ್ಕಳಪ್ಪ."

"ತಗಳಿ ಅಣ್ಣ. ಇಟ್ಕಂಡು ನಾನೇನ್ ಪೂಜೆ ಮಾಡ್ಲಾ."

ಸಾವಿರ ರೂಪಾಯಿ ಉಳಿಯಿತು. ಆದರೆ ಐದು ದಿನದ ಖರ್ಚಿಗೆ ಇದ್ದದ್ದೆಲ್ಲ ಈಗ ನೂರರ ಆ ಇಪ್ಪತ್ತು ನೋಟುಗಳೇ. ಜೀವಿತಾಳ ಕಣ್ಣಿಗೆ ಬಿದ್ದರೆ ರಸೀದಿ ಕೇಳುತ್ತಾಳೆ. ಮಲೇಷಿಯಾ ಮುಟ್ಟಿದ ಮೇಲೆ ಜಂಬದಿಂದ ಹೇಳಿದರಾಯಿತು, ಅಲ್ಲಿಯತನಕ ಎಲ್ಲಿಡುವುದು? ಪರ್ಸು ಜೇಬುಗಳ್ಳರ ಪಾಲು. ಸೂಟ್‌ಕೇಸು ಜೀವಿತಾಳ ಪಾಲು. ಆಗ ಕಂಡದ್ದು ಕೊಬ್ಬರಿಯ ಕೈಚೀಲ. ಹೋಟೆಲಿನಲ್ಲಿ ರಿಂಗಿಟ್ ಸುರಿಯುವ ಬದಲು ಕೊಬ್ಬರಿ ಬೆಲ್ಲ ತಿಂದುಕೊಂಡಿರೋಣ ಎಂದು ಅವನೇ ಹತ್ತು ಉಂಡೆ ಕೊಬ್ಬರಿ ತುಂಬಿಸಿಟ್ಟಿದ್ದ. ಉಂಡೆ ಕೊಬ್ಬರಿಯ ಒಳಗೆ ನೀರೆಲ್ಲ ಇಂಗಿ ಪುಟ್ಟ ಕುಡಿಕೆಯಷ್ಟು ಜಾಗ. ಒಂದನ್ನು ಎರಡು ಹೋಳು ಮಾಡಿ, ನೋಟಿನ ಸುರುಳಿ ತುರುಕಿ, ಆಫೀಸಿನ ಗೋಂದು ಬಳಿದು ಮತ್ತೆ ಮುಚ್ಚಿದ. ಬಚ್ಚಲಿಗೆ ಹೋದವನು ಹಾಡಿಕೊಂಡೇ ಮಿಂದ.

ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡಿದರೆ ಚೀಲದಲ್ಲಿ ಬರೀ ಬೆಲ್ಲ.

"ಕೊಬ್ಬರಿ ಎಲ್ಲಿ?"

"ವಿಮಾನದಲ್ಲಿ ಒಣಕೊಬ್ಬರಿ ಬಿಡಲ್ವಂತೆ ಕಣ್ರೀ. ಎಣ್ಣೆ ಅಂಶ, ಬೆಂಕಿ ಹತ್ಕಳುತ್ತೆ ಅಂತ ಎದುರುಮನೆ ಗುರುಸಿದ್ದಮ್ಮನೋರು ಹೇಳಿದ್ರು. ಏಕಾಂತಯ್ಯನೋರ ಮಂಡಿಗೆ ಹಾಕಿ ಬಂದೆ. ಯಾಕೆ?"

"ಸುಮ್ನೆ."

"ಸುಮ್ನೆ ಅಂದ್ರೆ ಮುಖ ಯಾಕೆ ಹಂಗಾಯ್ತು?"

"ಬಿಸ್ಲು," ಎಂದ, ಫ್ಯಾನಿನ ಕೆಳಗೆ ನಿಂತು.

ಮಂಡಿಯಲ್ಲಿ ಮುದುಕ ಏಕಾಂತಯ್ಯ ಎಲೆಗೆ ಸುಣ್ಣ ಸವರುತ್ತಿದ್ದರು. "ನಿಮ್ಮನೆಯೋರು ತಂದ ಒಂಬತ್ತು ಉಂಡೇನಾ? ಅಗೋ, ಆ ಗುಡ್ಡೆಗೆ ಸುರಿದೆ."

ಹತ್ತೋ ಒಂಬತ್ತೋ ಎಣಿಸುವ ಸ್ಥಿತಿ ಬಸವಕುಮಾರನದಲ್ಲ. ಎದುರಿಗೆ ನಲವತ್ತು ಕೆಜಿ ಗುಡ್ಡೆ, ಪಂಕ್ತಿಗೆ ಕೂತ ಬೋಳುತಲೆಗಳ ಹಾಗೆ ಎಲ್ಲವೂ ಒಂದೇ ತರ. ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸತೊಡಗಿದ.

"ಏನಪ್ಪ, ಒಳಗಿಂದ ಯಾರಾದ್ರೂ ಮಾತಾಡ್ತಾವ್ರಾ?" ಏಕಾಂತಯ್ಯ ಕೇಳಿದರು.

"ಕ್ವಾಲಿಟಿ ನೋಡ್ತಿದೀನಿ."

ಆ ಮಾತೇ ಕೆಡಿಸಿತು. ಕಂದಿಕೆರೆಯಿಂದ ಮಾಲು ಕೊಳ್ಳಲು ಬಂದಿದ್ದ ಬೆಟ್ಟಸ್ವಾಮಿ ಪಕ್ಕದಲ್ಲೇ ಕೂತು ತಾನೂ ಒಂದನ್ನು ಕಿವಿಗಿಟ್ಟ. ಹುಬ್ಬು ಮೇಲೇರಿತು.

"ಹೌದು ಕಣ್ಲಾ, ಇದ್ರ ಗಮ್ಮತ್ತೇ ಬೇರೆ. ಗುಡ್ಡೆ ನಂಗಿರ್ಲಿ ಏಕಾಂತಣ್ಣ, ಕೆಜಿಗೆ ಐದ್ರೂಪಾಯಿ ಜಾಸ್ತಿ."

"ಹತ್ತು," ಎಂದ ಬಸವಕುಮಾರ್.

"ಇಪ್ಪತ್ತು."

"ಇಪ್ಪತ್ತೈದು."

ಬೆಟ್ಟಸ್ವಾಮಿ ಕೈಯಲ್ಲಿದ್ದ ಉಂಡೆಯನ್ನು ಕೆಳಗಿಟ್ಟ. "ಬುಡು, ನಿನ್ ಹಣೇಲಿ ಬರೆದೈತೆ."

ಬಸವಕುಮಾರ್ ಫೋನಿನಲ್ಲೇ ದುಡ್ಡು ಕಳಿಸಿ, ಏಕಾಂತಯ್ಯನವರನ್ನು ಮೆಲ್ಲಗೆ ಕೇಳಿದ: "ತಿರುಗ ತಂದ್ರೆ ತಗತೀರಾ?"

"ಓಹೋ. ಬೆಳಗಿನ ರೇಟಿಗೆ. ಕೊಡೋ ರೇಟು ಬೇರೆ, ತಗಳೋ ರೇಟು ಬೇರೆ ಕಣಪ್ಪ. ನಿಮ್ಮನೆಯೋರು ಹೇಳ್ತಿದ್ರಲ್ಲ, ಆ ರಿಂಗಿಟ್ ಅಂಗಡೀಲೂ ಹಂಗೇ ಅಲ್ವಾ?"

ಚೀಲ ಆಟೋದಲ್ಲಿ ಮನೆಗೆ ಬಂತು. ಹಿತ್ತಿಲಲ್ಲಿ ಬಸವಕುಮಾರ್ ಮುನ್ನೂರು ಚಿಲ್ಲರೆ ಉಂಡೆಗಳನ್ನೂ ಅಲ್ಲಾಡಿಸಿದ, ಉಗುರಿನಲ್ಲಿ ಕೆರೆದ, ಮೂಸಿದ. ಗೋಂದಿನ ಗೆರೆ ಯಾವುದರಲ್ಲೂ ಇಲ್ಲ. ಕೊನೆಯದನ್ನೂ ಕೆಳಗಿಟ್ಟು, ಸಂತೆಯಲ್ಲಿ ತಪ್ಪಿಸಿಕೊಂಡ ಕೂಸಿನಂತೆ ಕೂತುಬಿಟ್ಟ. ಬಸ್ಸಿಗೆ ಇನ್ನೊಂದೇ ಗಂಟೆ.

ಜೀವಿತಾ ತಟ್ಟೆ ತಂದು ಮುಂದಿಟ್ಟಳು. "ದೋಸೆ ತಿನ್ನಿ. ಗೋಂದು ಹಚ್ಚಿದ್ದ ಉಂಡೇದೇ ಚಟ್ನಿ."

ಬಸವಕುಮಾರ್ ತಲೆಯೆತ್ತಿದ.

"ಉಂಡೆ ಕೊಬ್ಬರಿ ಮನೇಲಿ ಹುಟ್ಟಿ ಬೆಳೆದೋಳು ಕಣ್ರೀ ನಾನು. ಎತ್ತಿದ ಕೂಡ್ಲೆ ಗೊತ್ತಾಯ್ತು. ನೀವು ಸ್ನಾನಕ್ಕೆ ಹೋದಾಗ್ಲೇ ತೆಗೆದಿಟ್ಟೆ."

"ಎಲ್ಲಿಟ್ಟೆ?"

"ದುಡ್ಡು ಎಲ್ಲಿಡ್ತಾರೆ? ನಿಮ್ಮ ಪರ್ಸಲ್ಲಿ."

ಪ್ಯಾಂಟಿನ ಹಿಂದಿನ ಜೇಬಿನಿಂದ ಪರ್ಸು ತೆಗೆದು ಬಿಡಿಸಿದ. ಇಪ್ಪತ್ತೂ ಇದ್ದವು. ಆಟೋಗೂ ಮಂಡಿಗೂ ಫೋನಿನಲ್ಲೇ ಕೊಟ್ಟವನು ಬೆಳಗಿನಿಂದ ಪರ್ಸು ಬಿಚ್ಚಿರಲೇ ಇಲ್ಲ. ಇಡೀ ದಿನ ರಿಂಗಿಟ್ಟಿನ ಮೇಲೇ ಕೂತೆದ್ದಿದ್ದ. ಎದೆಯ ಮೇಲಿನ ನಲವತ್ತು ಕೆಜಿ ಇಳಿದಂತಾಗಿ ಉದ್ದಕ್ಕೆ ಉಸಿರು ಬಿಟ್ಟ.

"ಮಧ್ಯಾಹ್ನವೇ ಹೇಳಬಾರದಿತ್ತಾ?"

"ಕೇಳಿದ್ನಲ್ಲ. ಸುಮ್ನೆ ಅಂದ್ರಿ."

ಕೊಬ್ಬರಿ ಹಿಂದಕ್ಕೆ ಕೊಟ್ಟರೂ ಕೆಜಿಗೆ ಇಪ್ಪತ್ತೈದು ನಷ್ಟ; ಉಳಿಸಿದ ಸಾವಿರ ಏಕಾಂತಯ್ಯನವರ ಮಂಡಿ ಸೇರಿತ್ತು. ಹೋಗಲಿ, ಅಸಲು ಸಿಕ್ಕಿತಲ್ಲ ಎಂದು ದೋಸೆಗೆ ಕೈ ಹಾಕುವಷ್ಟರಲ್ಲಿ ಕಾಂಪೌಂಡಿನ ಮೇಲೆ ಸೂರ್ಯಪ್ರಕಾಶನ ತಲೆ ಎದ್ದಿತು.

"ಅಣ್ಣ, ಬರೋವಾಗ ರಿಂಗಿಟ್ ಉಳಿದ್ರೆ ನಂಗೇ ಕೊಡಿ. ಮುಂದಿನ ತಿಂಗಳು ಮತ್ತೆ ಹೋಗೋದೈತೆ. ಒಂದೈವತ್ತು ಪೈಸೆ ಕಮ್ಮಿ ಮಾಡ್ಕಂಡ್ರೆ ಸಾಕು."

ಬಸವಕುಮಾರ್ ಚಟ್ನಿ ನೆಕ್ಕಿದ. ಎಷ್ಟು ಕೆತ್ತಿ ತೆಗೆದಿದ್ದರೂ ಗೋಂದಿನ ರುಚಿ ಸ್ವಲ್ಪ ಉಳಿದಿತ್ತು.