ಮುಂದಿನ ಭಾನುವಾರದ ಕಾರಿಗೆ

ಅಂಗಳದ ನೆರಳಿನಲ್ಲಿ ಸದಾ ವಿಶ್ರಮಿಸುತ್ತಿರುವ ಶ್ರೀಮನ್ಮೋಟಾರು ಕಾರಿನವರ ನಾಲ್ಕೂ ಚಕ್ರಗಳಿಗೆ, ಹಾಗೂ ಇಂದಿಗೂ ನೆಲ ಕಾಣದ ಐದನೆಯ ಚಕ್ರಕ್ಕೆ, ತಮ್ಮ ಯಜಮಾನರ ನಾದಿನಿ ಮಾಡುವ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ನಾನು ಕೇಳಬೇಕಾಗಿಲ್ಲ. ತಮ್ಮ ಕ್ಷೇಮಕ್ಕಾಗಿಯೇ ನಮ್ಮ ಇಡೀ ಕುಟುಂಬ ಎರಡು ವರ್ಷದಿಂದ ಮನೆಯಲ್ಲಿ ಕೂತಿದೆ. ಈ ಪತ್ರವನ್ನು ತಮ್ಮ ವೈಪರಿನ ಅಡಿಗೆ ಸಿಕ್ಕಿಸಿದ್ದೇನೆ. ತಮ್ಮ ಮೈಮೇಲಿನ ಹೊದಿಕೆ ಸದ್ಯ ನನ್ನ ವಶದಲ್ಲಿರುವುದರಿಂದ ಬೀದಿಯಲ್ಲಿ ಹೋಗುವವರೆಲ್ಲ ಇದನ್ನು ಓದಬಹುದು. ಓದಲಿ ಎಂದೇ ಇಟ್ಟಿದ್ದೇನೆ.

ತಮ್ಮ ಪರಿಚಯವಿಲ್ಲದ ದಾರಿಹೋಕರಿಗಾಗಿ ಎರಡು ಮಾತು. ತಮ್ಮ ಯಜಮಾನರು ನನ್ನ ಅಕ್ಕನ ಗಂಡ, ಅಂದರೆ ನನಗೆ ಭಾವ. ವೃತ್ತಿಯಿಂದ ವಿಮೆ ಏಜೆಂಟರು. ರಸ್ತೆಗಿಳಿದ ಕಾರಿಗೆ ಏನೇನು ಆಗಬಹುದು ಎಂಬುದನ್ನು ಕಂಡವರಿಗೆಲ್ಲ ಹೇಳಿ ಹೇಳಿ, ಆ ಭಯ ಬೇರೆ ಯಾರಿಗೂ ಹಿಡಿಯದೆ ಕೊನೆಗೆ ಅವರಿಗೇ ಹಿಡಿದಿದೆ. ತಮ್ಮನ್ನು ಕೊಂಡ ದಿನ ಸೀಟಿನ ಮೇಲಿದ್ದ ಪ್ಲಾಸ್ಟಿಕ್ಕನ್ನು ಅವರು ಇಂದಿಗೂ ಕೀಳಲು ಬಿಟ್ಟಿಲ್ಲ. ನಾನು ಲಾಂಡ್ರಿ ನಡೆಸುವವಳು. ಕಾಗೆಗಳ ಕೃಪೆಯಿಂದ ತಮ್ಮ ಹೊದಿಕೆ ಕೊಳೆಯಾದಾಗಲೆಲ್ಲ ಭಾವ ಅದನ್ನು ಮಡಿಸಿ, ಸ್ಕೂಟರಿನಲ್ಲಿಟ್ಟುಕೊಂಡು ನನ್ನ ಅಂಗಡಿಗೆ ತರುತ್ತಾರೆ. ಕಾರಿಗಿಂತ ಕಾರಿನ ಬಟ್ಟೆಯೇ ಹೆಚ್ಚು ಊರು ಸುತ್ತುತ್ತಿದೆ ಎಂಬುದನ್ನು ಮೊದಲು ಗಮನಿಸಿದವಳು ನಾನೇ.

ಇನ್ನು ನನ್ನ ದೂರಿಗೆ ಬರುತ್ತೇನೆ. ನನ್ನ ಜೊತೆಗಿರುವ ಅಮ್ಮ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೂರದ ಇನ್ನೊಂದು ಊರಿನ ಎಕ್ಸ್‌ಚೇಂಜಿನಲ್ಲಿ ಅವರದೇ ವಯಸ್ಸಿನ ಇನ್ನೊಬ್ಬ ಆಪರೇಟರ್ ಇದ್ದರು. ಜನರ ಟ್ರಂಕ್ ಕಾಲ್‌ಗಳನ್ನು ಜೋಡಿಸುವ ನಡುವೆ ಇಬ್ಬರೂ ತಮ್ಮ ಮದುವೆ, ಬಾಣಂತನ, ಅತ್ತೆಯ ಕಾಟ, ಗಂಡನ ಸಾವು ಎಲ್ಲವನ್ನೂ ತಂತಿಯ ಮೇಲೆಯೇ ಹಂಚಿಕೊಂಡರು. ಕೆಲಸದ ಮಾತಿನಲ್ಲಿ ಒಬ್ಬರಿಗೊಬ್ಬರು ‘ಆಚೆ ತುದಿ’. ನಿವೃತ್ತಿಯಾದ ಮೇಲೂ ಅದೇ ಹೆಸರು ಉಳಿಯಿತು, ಭಾನುವಾರದ ಫೋನೂ ಉಳಿಯಿತು. ಆದರೆ ಇಷ್ಟು ವರ್ಷದಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡಿದವರಲ್ಲ.

ಎರಡು ವರ್ಷದ ಹಿಂದೆ ಆಚೆ ತುದಿಯವರ ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯೂ ಹೆಚ್ಚು ದಿನ ನಡೆಯುವುದಿಲ್ಲ, ಅದು ಕಿವಿಗೆ ಹಾಕುವ ಮೆಷೀನಿಗೂ ಬಗ್ಗುವ ಕಿವುಡಲ್ಲ ಎಂದು ಡಾಕ್ಟರು ಹೇಳಿದರಂತೆ. ಅಮ್ಮ ಆ ವಾರವೇ ಬಸ್ಸಿಗೆ ಹೊರಟು ನಿಂತರು. ಕಿವಿ ಇರುವಾಗಲೇ ಹೋಗಿ, ಎಡಪಕ್ಕದಲ್ಲಿ ಕೂತು, ಒಂದು ಸಲ ತಂತಿಯಿಲ್ಲದೆ ಮಾತಾಡಿ ಬರಬೇಕು ಎಂಬುದಷ್ಟೇ ಅವರ ಆಸೆ. ಆಚೆ ತುದಿಯವರು ತಮ್ಮ ಅಣ್ಣನ ಮಗನ ಸಂಸಾರದ ಜೊತೆ ಇಕ್ಕಟ್ಟಿನಲ್ಲಿ ಇರುವವರಾದ್ದರಿಂದ ರಾತ್ರಿ ತಂಗುವ ಮಾತಿಲ್ಲ. ಹೋದ ದಿನವೇ ತಿರುಗಿ ಬರಬೇಕು.

ಆಗ ನಮ್ಮ ಬದುಕಿನಲ್ಲಿ ತಮ್ಮ ಶುಭಪ್ರವೇಶವಾಯಿತು. “ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ ಅತ್ತೆ, ಮನೇಲಿ ಕಾರಿದೆಯಲ್ಲ, ಮುಂದಿನ ಭಾನುವಾರ ಹೋಗಿ ಬರೋಣ” ಎಂದರು ಭಾವ. ಅಮ್ಮ ಹಿಗ್ಗಿಹೋದರು. ಅಳಿಯ ಕಾರಿನಲ್ಲಿ ಕರೆದುಕೊಂಡು ಬರುತ್ತಾರಂತೆ ಎಂದು ಫೋನಿನಲ್ಲಿ ಎರಡು ಸಲ ಹೇಳಿದರು. ಮೊದಲನೆಯದು ಆಚೆ ತುದಿಗೆ ಕೇಳಿಸಿರಲಿಲ್ಲ.

ಆ ಮುಂದಿನ ಭಾನುವಾರದ ಮಹಿಮೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಒಂದು ಭಾನುವಾರ ತಮ್ಮ ಟೈರಿನ ಗಾಳಿ ಅನುಮಾನಾಸ್ಪದವಾಗಿತ್ತು. ಇನ್ನೊಂದು ಭಾನುವಾರ ಆ ದಾರಿಗೆ ಹೊಸದಾಗಿ ಜಲ್ಲಿ ಹಾಕಿದ್ದಾರೆಂದೂ, ಅದು ಸಿಡಿದರೆ ತಮ್ಮ ಬಣ್ಣ ಹೋಗುತ್ತದೆಂದೂ ಸುದ್ದಿ ಬಂತು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ಚಳಿಗಾಲದಲ್ಲಿ ತಮಗೆ ಸ್ಟಾರ್ಟ್ ಆಗಲು ಮನಸ್ಸಿಲ್ಲ. ಎಲ್ಲವೂ ಕೂಡಿಬಂದ ಒಂದು ದಿನ, ಅಮ್ಮ ಹೊಸ ಚಪ್ಪಲಿ ಮೆಟ್ಟಿ ಗೇಟಿನ ಬಳಿ ನಿಂತಿದ್ದಾಗ, ಭಾವ ತಮ್ಮನ್ನು ಬೀದಿಯ ತುದಿಯವರೆಗೆ ಓಡಿಸಿ, ಏನೋ ಸದ್ದು ಕೇಳಿಸಿತೆಂದು ಹಿಂದಕ್ಕೆ ತಂದು ನಿಲ್ಲಿಸಿದರು. ಆಮೇಲೆ ನೋಡಿದರೆ ಅದು ಸೀಟಿನ ಪ್ಲಾಸ್ಟಿಕ್ಕಿನ ಸದ್ದು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಹಿರಿಯರು ಹೇಳುವಾಗ ಅವರ ಕಣ್ಣ ಮುಂದೆ ತಾವೇ ಇದ್ದಿರಬೇಕು.

ಹಾಗೆಂದು ತಮ್ಮ ಸಾಧನೆಯನ್ನು ನಾನು ಕಡೆಗಣಿಸುವವಳಲ್ಲ. ಬಸ್ಸುಗಳು ಜನರನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುತ್ತವೆ, ಅದರಲ್ಲೇನು ಹೆಚ್ಚುಗಾರಿಕೆ? ಒಂದು ಇಂಚು ಕದಲದೆ ಬಸ್ಸಿಗೆ ಹೋಗುವವರನ್ನೂ ತಡೆದು ನಿಲ್ಲಿಸುವ ವಾಹನ ತಮ್ಮ ಹೊರತು ಇನ್ನೊಂದಿಲ್ಲ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಸುಳ್ಳು. ನಾಳೆ ಎಂದ ಭಾವನ ಮನೆ ಗಟ್ಟಿಯಾಗಿಯೇ ಇದೆ, ಹಾಳಾದದ್ದು ಬೇರೆಯವರದು.

ಹೋದ ತಿಂಗಳು ಆಚೆ ತುದಿಯವರ ಅಣ್ಣನ ಸೊಸೆ ಫೋನು ಮಾಡಿ, ಇನ್ನು ಮೇಲೆ ಫೋನು ಬೇಡ, ಅತ್ತೆಗೆ ಎಡಗಿವಿಯೂ ಹೋಯಿತು ಎಂದರು. ಆ ಸಂಜೆ ಅಮ್ಮನಿಗೆ ಸಮಾಧಾನ ಹೇಳಲು ಬಂದ ಭಾವ ಒಂದು ಅಮೂಲ್ಯ ತೀರ್ಮಾನವನ್ನು ಕೊಟ್ಟರು: “ಇನ್ನು ಹೋಗಿ ಏನ್ ಮಾಡ್ತೀರಿ ಅತ್ತೆ? ದಿನವೆಲ್ಲ ಬಸ್ಸಲ್ಲಿ ಕೂರೋದು, ಅಲ್ಲಿ ಒಂದು ಗಂಟೆ ಕಿವಿ ಕೇಳದವರ ಮುಂದೆ ಕೂರೋದು. ಕಾರಿಲ್ದೇ ಇದೆಲ್ಲ ವರ್ಕೌಟ್ ಆಗಲ್ಲ.” ತಾವು ಆಗ ನಮ್ಮ ಕಿಟಕಿಯಾಚೆ, ಎದುರಿಗಿರುವ ಭಾವನ ಅಂಗಳದಲ್ಲಿ, ಮುಸುಕು ಹಾಕಿಕೊಂಡು ನಿಂತಿದ್ದಿರಿ. ಕಾರಿನ ಒಡೆಯರೇ ಕಾರಿಲ್ಲ ಎಂದು ಹೇಳುವುದನ್ನು ಕೇಳಿಯೂ ತಾವು ಒಂದು ಹಾರ್ನನ್ನಾದರೂ ಹೊಡೆಯಲಿಲ್ಲ.

ನಿಜ ಹೇಳುತ್ತೇನೆ, ಆ ಲೆಕ್ಕ ನನಗೂ ಸರಿಯೆನ್ನಿಸಿತ್ತು. ಮೂರು ಬಸ್ಸು ಬದಲಿಸಬೇಕು, ಅಮ್ಮನ ಮಂಡಿ ಅಷ್ಟಕ್ಕಷ್ಟೆ, ಅಂಗಡಿ ಮುಚ್ಚಬೇಕು, ಅಲ್ಲಿ ಹೋಗಿ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರಬೇಕು. ನಾನು ಎರಡು ವಾರ ಹಾಗೂ ಹೀಗೂ ತೂಗಿದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೂರಲು ಏನಾದರೂ ಬೇಕಲ್ಲ ಎಂದು, ಒಗೆದು ಮಡಿಸಿಟ್ಟಿದ್ದ ತಮ್ಮ ಹೊದಿಕೆಯನ್ನು ಚೀಲಕ್ಕೆ ತುರುಕಿಕೊಂಡಿದ್ದಾರೆ. ಮತ್ತೆ ತೂಗುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ.

ತಾವು ಹೋಗದ ದಾರಿಯ ವರ್ತಮಾನ ತಮಗೆ ಬೇಕಾಗಬಹುದು. ಮೊದಲ ಬಸ್ಸಿನಲ್ಲಿ ಸೀಟು ಸಿಕ್ಕಿತು, ಎರಡನೆಯದರಲ್ಲಿ ಸಿಗಲಿಲ್ಲ. ಮೂರನೆಯದಕ್ಕೆ ಕಾಯುವ ಕೂಡುರಸ್ತೆಯಲ್ಲಿ ತಲೆಯ ಮೇಲೆ ಒಂದು ತಗಡೂ ಇಲ್ಲ, ಅಷ್ಟರಲ್ಲಿ ಮಳೆ ಹಿಡಿಯಿತು. ಹೊದಿಕೆಯನ್ನು ಬಿಡಿಸಿದೆವು. ತಮ್ಮ ಪಕ್ಕದ ಕನ್ನಡಿಗಳಿಗಾಗಿ ಅದರಲ್ಲಿ ಹೊಲಿದಿರುವ ಎರಡು ಕಿವಿಗಳಂಥ ಜೇಬುಗಳಿವೆಯಲ್ಲ, ಒಂದರಲ್ಲಿ ಅಮ್ಮನ ತಲೆ, ಇನ್ನೊಂದರಲ್ಲಿ ನನ್ನ ತಲೆ. ಉಳಿದ ಜಾಗಕ್ಕೆ ಒಬ್ಬ ಬಡಗಿ, ಒಬ್ಬ ನರ್ಸಮ್ಮ, ಅವರ ಅತ್ತೆ ನುಗ್ಗಿದರು. ಐದು ಜನರಿಗೆ ಎಂದು ಬರೆಸಿಕೊಂಡು ಹುಟ್ಟಿದ ತಮ್ಮ ವಂಶದಲ್ಲಿ ಮೊದಲ ಸಲ ಐದು ಜನ ಹಿಡಿಸಿದ್ದು ಆ ಬಟ್ಟೆಯೊಳಗೆ. ಅದೇ ಹೊತ್ತಿಗೆ ಭಾವ ಫೋನು ಮಾಡಿ, ಕಾರು ಮಳೆಯಲ್ಲಿ ನೆನೆಯುತ್ತಿದೆ, ಕವರ್ ಎಲ್ಲಿ ಎಂದು ಕೂಗಾಡಿದರು. ಕೆಲಸದ ಮೇಲೆ ಹೋಗಿದೆ ಎಂದು ಹೇಳಿ ಇಟ್ಟುಬಿಟ್ಟೆ.

ಆಚೆ ತುದಿಯವರೇ ಬಾಗಿಲು ತೆರೆದರು. ಯಾರೋ ಅಪರಿಚಿತರು ಎಂಬಂತೆ ನೋಡಿದರು. ನೋಡದೆ ಇನ್ನೇನು? ಅಮ್ಮನ ಮುಖ ಅವರು ಕಂಡದ್ದಿಲ್ಲ, ಅಮ್ಮನ ದನಿ ಕೇಳಿಸುವುದಿಲ್ಲ. ಅಮ್ಮ ತಮ್ಮ ಹೆಸರು ಹೇಳಿದರು, ಮತ್ತೆ ಜೋರಾಗಿ ಹೇಳಿದರು. ಇಷ್ಟಕ್ಕೇ ಬಂದೆವಲ್ಲ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಎರಡೂ ಅಂಗೈಯನ್ನು ಕಿವಿಗೆ ಹೆಡ್‌ಫೋನಿನಂತೆ ಒತ್ತಿ ತೆಗೆದು, ಬೋರ್ಡಿಗೆ ತಂತಿ ಚುಚ್ಚುವ ಹಾಗೆ ಗಾಳಿಯಲ್ಲಿ ಕೈ ಆಡಿಸಿದರು. ಆ ಹೆಂಗಸು ಬಾಗಿಲ ಚೌಕಟ್ಟು ಹಿಡಿದುಕೊಂಡು, “ಆಚೆ ತುದೀನಾ?” ಎಂದರು.

ಆಮೇಲಿನ ಒಂದು ಗಂಟೆ ಅವರೇ ಮಾತಾಡಿದರು. ಕಿವಿ ಹೋದರೂ ದನಿ ಹೋಗಿರಲಿಲ್ಲ. ಅಮ್ಮ ಅವರ ಕೈ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಕಣ್ಣು ಬಿಟ್ಟರೆ ಎದುರಿಗಿದ್ದದ್ದು ಯಾರೋ ಮುದುಕಿ, ಮುಚ್ಚಿದರೆ ಅವರ ಆಚೆ ತುದಿ. ಅವರು ಮಾತ್ರ ಅಮ್ಮನ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆ ಎಂದು ನಾನೇ ಎಬ್ಬಿಸಬೇಕಾಯಿತು.

ತಿರುಗಿ ಬರುವಾಗ ನಾನು ಅಮ್ಮನನ್ನು ಕೇಳಿದೆ: ಕಾರಿಲ್ಲದೆ ಇಷ್ಟು ದೂರ ಬಂದದ್ದು ಸಾರ್ಥಕವಾಯಿತೇ ಎಂದು. ಅಮ್ಮ, “ಕಾರೇ ಇಲ್ದಿದ್ರೆ ಎರಡು ವರ್ಷದ ಹಿಂದೇನೇ ಬಂದ್ಬಿಡ್ತಿದ್ವಿ ಕಣೇ” ಎಂದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ತಾವು ಕಾರು ಎಂಬ ಹುದ್ದೆಗೆ ಕೂಡಲೇ ರಾಜೀನಾಮೆಯಿತ್ತು, ಭಾವನ ಹಜಾರದಲ್ಲಿ ಗಾಜಿನ ಕಪಾಟಾಗಿ ಸೇರಿಕೊಳ್ಳಬೇಕು. ಆಗ ತಮ್ಮ ಭರವಸೆಯ ಮೇಲೆ ಯಾರೂ ಬಸ್ಸು ಬಿಡುವುದಿಲ್ಲ. ಅದು ಘನತೆಗೆ ಕುಂದು ಎನಿಸಿದರೆ, ಎರಡು ವರ್ಷ ಹಿಂದಕ್ಕೆ ಓಡಿ, ಆಚೆ ತುದಿಯವರ ಎಡಗಿವಿಯನ್ನು ಆಗ ಇದ್ದ ಹಾಗೆಯೇ ತಂದುಕೊಡಬೇಕು. ಪ್ಲಾಸ್ಟಿಕ್ಕಿನ ಸೀಟಿನ ಮೇಲೆಯೇ ತನ್ನಿ, ಗೀರು ಬೀಳುವುದಿಲ್ಲ.

ಮೂರು ಬಸ್ಸು ಹತ್ತಿ ಇಳಿದು, ತಮ್ಮ ಮೇಲಿನ ಭಕ್ತಿಯನ್ನು ಕೂಡುರಸ್ತೆಯ ಮಳೆಯಲ್ಲಿ ತೊಳೆದುಕೊಂಡು ಬಂದಿರುವ

ತಮ್ಮ ವಿಶ್ವಾಸಿ,
ಲಾಂಡ್ರಿಯ ನಾದಿನಿ

ತಾ.ಕ.: ಅಮ್ಮ ಮುಂದಿನ ತಿಂಗಳು ಮತ್ತೆ ಹೊರಟಿದ್ದಾರೆ, ಹೊದಿಕೆಯೂ ಜೊತೆಗೆ ಬರುತ್ತದೆ. ಯಾವಾಗ ವಾಪಸ್ಸು ಕೊಡುತ್ತೀರಿ ಎಂದು ಭಾವ ದಿನಾ ಕೇಳುತ್ತಿದ್ದಾರೆ. ಮುಂದಿನ ಭಾನುವಾರ ಎಂದು ತಾವೇ ತಿಳಿಸಿಬಿಡಿ. ಯಾವ ಭಾನುವಾರ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.