ಕಪ್ಪು ಲ್ಯಾಪ್‌ಟಾಪಿಗೆ ಮನೆ ಹುಡುಕಿದ್ದು

ಲ್ಯಾಪ್‌ಟಾಪ್ ತೆಗೆದುಕೊಳ್ಳುತ್ತೇನೆ ಎಂದು ನಾನು ಹೇಳಿದಾಗ ಮೈದುನ ಮೇದಪ್ಪ ನಕ್ಕ ನಗೆಗೆ ಅವನ ಬಾಯಿಯ ಚಾ ಅಂಗಿಗೆ ಬಿತ್ತು. ಅಂಗಿ ತೊಳೆಯುವವಳು ಅವನ ಹೆಂಡತಿ. ನನಗೆ ನಷ್ಟವಿಲ್ಲ.

"ಅತ್ತಿಗೆ, ನೀವು ಓದಿದ್ದು ಎಷ್ಟನೇ ಕ್ಲಾಸು?" ಎಂದು ಕೇಳಿದ.

"ಆರು. ನೀನು ಡಿಗ್ರಿ ಓದಿ ಎಂತ ಮಾಡುದು ಈಗ?"

ಅವನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಸಮಾಜಸೇವೆ ಮಾಡುತ್ತಾನೆ. (ಸಮಾಜದ ಬಗ್ಗೆ ಮಾತಾಡುವುದು ಎಂದು ಅರ್ಥ.) ಹಾಗಾಗಿ ಅಂಗಿ ಒರೆಸಿಕೊಳ್ಳತೊಡಗಿದ.

ನಮ್ಮ ಮನೆ ಪಂಜದಲ್ಲಿ. ನಮ್ಮವರ ಹೆಸರು ಬೆಳ್ಯಪ್ಪ. ಅವರು ಇದ್ದಾಗ ನಾನು ಹೆಸರು ಹಿಡಿದು ಹೇಳಿದವಳಲ್ಲ. ಸತ್ತ ಮೇಲೆ ಒಂದೊಂದು ಆಫೀಸಿನಲ್ಲಿ ಹೇಳಿ ಹೇಳಿ ನಾಚಿಕೆ ಹೋಗಿದೆ. ಅವರು ಸಂಬಂಧ ಕೂಡಿಸುತ್ತಿದ್ದರು. ಪುತ್ತೂರು, ಸುಳ್ಯ, ಕಡಬ, ಎಲ್ಲ ಕಡೆ ಅವರು ಮಾಡಿಸಿದ ಮದುವೆಗಳು ಉಂಟು. ಅದರಲ್ಲಿ ತುಂಬ ಜೋಡಿಗಳು ಈಗಲೂ ಒಬ್ಬರಿಗೊಬ್ಬರು ಮಾತಾಡುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ಹುಡುಗನ ಮನೆಗೆ ಹೊರಟವರು ಬಸ್ಸಿಗೆ ಕಾಯುತ್ತ ಕೂತರು. ಬಸ್ಸು ಬಂತು. ಅವರು ಏಳಲಿಲ್ಲ.

ಉತ್ತರಕ್ರಿಯೆ ಮುಗಿದದ್ದೇ ತಡ, ಜಾತಕ ಕೊಟ್ಟವರು ಒಬ್ಬೊಬ್ಬರೇ ಬಂದು ವಾಪಸು ಕೊಂಡುಹೋದರು. ಕಾರಣ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಗಂಡ ಇಲ್ಲದವಳು ಮದುವೆಯ ಮಾತು ತರಬಾರದು, ಅಷ್ಟೇ ವಿಷಯ. ಬಂದವರು ಚಾ ಕುಡಿದರು, ಬೆಳ್ಯಪ್ಪಣ್ಣ ದೇವರಂಥವರು ಎಂದರು, ಮಗಳ ಫೋಟೊ ಸಂಚಿಗೆ ಹಾಕಿಕೊಂಡು ಹೋದರು.

ಆಮೇಲೆ ಮೇದಪ್ಪನಿಗೆ ಒಂದು ಯೋಜನೆ ಹೊಳೆಯಿತು. ಅಣ್ಣನ ಕೆಲಸ ಇನ್ನು ಅವನು ಮಾಡುವುದಂತೆ. ನಾನು ಒಳಗೆ ಕೂತುಕೊಳ್ಳುವುದಂತೆ. ಅವನಿಗೆ ಒಂದು ನಕ್ಷತ್ರದ ಹೆಸರು ಗೊತ್ತಿಲ್ಲ. ಯಾವ ಮನೆಯ ಹುಡುಗಿಗೆ ಎಂಥ ಮನೆ ಆಗಬಹುದು ಎಂದು ಇಷ್ಟು ವರ್ಷ ಒಲೆಯ ಬುಡದಲ್ಲಿ ಕೂತು ಹೇಳಿದವಳು ನಾನು. ನಮ್ಮವರು ಅದನ್ನು ಅಂಗಿ ಹಾಕಿಕೊಂಡು ಹೋಗಿ ಹೊರಗೆ ಹೇಳುತ್ತಿದ್ದರು. ಫೋನಿನಲ್ಲಿ ಫೋಟೊ ಕಳಿಸುತ್ತಿದ್ದವಳೂ ನಾನೇ. ಈ ಕೆಲಸ ನನ್ನ ಕೈಯಿಂದ ಹೋಗಬಾರದು ಎಂದು ನಿಶ್ಚಯ ಮಾಡಿದೆ. ನನ್ನನ್ನು ಮನೆಗೆ ಕರೆಯಲು ಹೆದರುವವರಿಗೆ ಹುಡುಗ ಹುಡುಗಿಯನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತೇನೆ. ಫೋನಿನ ಹೊಟ್ಟೆ ತುಂಬಿ ಅದು ಒಂದು ಫೋಟೊ ನುಂಗಲಿಕ್ಕೆ ಏದುಸಿರು ಬಿಡುತ್ತದೆ. ಹಾಗಾಗಿ ಲ್ಯಾಪ್‌ಟಾಪೇ ಬೇಕು. ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕಾದ್ದರಿಂದ ಹಗುರ ಇರಬೇಕು.

ಪುತ್ತೂರಿನಲ್ಲಿ ಕಾಸಿಂ ಅವರ ಅಂಗಡಿ ಉಂಟು. ನಮ್ಮವರಿಗೆ ಪರಿಚಯ. ಅವರು ಒಂದು ಬೂದಿ ಬಣ್ಣದ್ದನ್ನು ತಂದು ಎದುರಿಗಿಟ್ಟರು. ನಾನು ಕೈಯಲ್ಲಿ ಎತ್ತಿ ನೋಡಿದೆ. ಒಂದು ಸೇರು ಅಕ್ಕಿಯ ಭಾರ ಇಲ್ಲ. ತೆಳ್ಳಗೆ, ಬೆಳ್ಳಗೆ, ಮಿರಮಿರ ಮಿಂಚುತ್ತಿತ್ತು. ನನಗೆ ಬೇರೆ ವ್ಯಾಪಾರ ಮಾಡಿ ಗೊತ್ತಿಲ್ಲ. ಗೊತ್ತಿರುವ ಕ್ರಮದಲ್ಲೇ ವಿಚಾರಿಸಿದೆ.

"ಪ್ರಾಯ ಎಷ್ಟು?"

ಕಾಸಿಂ ಅದರ ಅಡಿಯ ಚೀಟಿ ತಿರುಗಿಸಿ ನೋಡಿದರು. "ಈ ವರ್ಷದ್ದೇ ಅಕ್ಕ."

"ಕಂಪೆನಿ ಹೇಗೆ? ಒಳ್ಳೆಯ ಮನೆತನವಾ?"

"ಹೆಸರು ಉಂಟು."

"ಬೇಗ ಬಿಸಿ ಆಗುದುಂಟಾ?"

"ಇಲ್ಲ. ಶಬ್ದವೇ ಇಲ್ಲ. ಒಮ್ಮೆ ಚಾರ್ಜ್ ಕೊಟ್ರೆ ಸಂಜೆವರೆಗೆ ಮತ್ತೆ ಏನೂ ಕೇಳುದಿಲ್ಲ."

ಊಟ ಕಡಿಮೆ, ಸಿಟ್ಟಿಲ್ಲ, ಎದುರು ಮಾತಿಲ್ಲ. ಇಂಥ ಹುಡುಗಿ ನನಗೆ ಇದುವರೆಗೆ ಸಿಕ್ಕಿರಲಿಲ್ಲ. ವೈರು ಚುಚ್ಚುವ ತೂತು ಮಾತ್ರ ಎರಡೇ ಇತ್ತು, ಅದೂ ಸಣ್ಣದು. ಜನ ಜಾತಕ ಹಾಕಿ ತರುವ ಪೆನ್‌ಡ್ರೈವ್ ಅದಕ್ಕೆ ಹೋಗುವುದಿಲ್ಲವಂತೆ, ನಡುವೆ ಬೇರೊಂದು ತುಂಡು ಬೇಕಂತೆ. ಎಲ್ಲ ಗುಣ ಇರುವ ಹುಡುಗಿಗೆ ಒಂದು ಸಣ್ಣ ದೋಷ ಇದ್ದೇ ಇರುತ್ತದೆ ಎಂದುಕೊಂಡೆ. ಮೊದಲ ದಿನವೇ ಒಪ್ಪಿಗೆ ಹೇಳಬಾರದು ಎಂಬುದು ನಮ್ಮವರ ಕ್ರಮ. ಹಾಗಾಗಿ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ.

ಮನೆಯಲ್ಲಿ ಯಾರನ್ನು ಕೇಳುವುದು ಎಂದು ಕಾಸಿಂ ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಕೇಳದಿದ್ದರೂ ಹೇಳಲು ಮೇದಪ್ಪ ಇದ್ದ. ಬೂದಿ ಬಣ್ಣದ್ದು ತೋರಿಕೆಗೆ ಮಾತ್ರ, ಸುಳ್ಯದ ಉದಯಶಂಕರರ ಅಂಗಡಿಯಲ್ಲಿ ಕಪ್ಪಿನದ್ದು ಉಂಟು, ಅದೂ ಹಗುರವೇ, ಆದರೆ ಗಟ್ಟಿ, ನಾಲ್ಕಾರು ತೂತು, ಅಕ್ಷರದ ಗುಂಡಿಗಳು ದೊಡ್ಡದು, ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಹೇಳಿದ.

"ನಿಮ್ಮಂಥವರಿಗೆ ಅದೇ ಸರಿ," ಎಂದ.

"ನನ್ನಂಥವರು ಅಂದ್ರೆ ಎಂಥವರು?"

"ಅಲ್ಲ ಅತ್ತಿಗೆ, ಕೈ ಜಾರಿ ಬಿದ್ರೂ ಏನಾಗುದಿಲ್ಲ ಅಂತ."

ಆ ಕ್ಷಣದಲ್ಲಿ ಕಪ್ಪು ಲ್ಯಾಪ್‌ಟಾಪಿನ ಹಣೆಬರಹ ಮುಗಿಯಿತು. ಮೇದಪ್ಪ ಹೇಳಿದ್ದನ್ನು ತೆಗೆದುಕೊಂಡರೆ ನಾಳೆ ಅಣ್ಣನ ಜಾಗದಲ್ಲಿ ಅವನೇ ಹುಡುಗಿ ನೋಡಲು ಹೊರಡುತ್ತಾನೆ. ಆದರೂ ಸುಳ್ಯಕ್ಕೆ ಹೋದೆ. ನೋಡದೆ ಬೇಡ ಎನ್ನುವುದು ನಮ್ಮ ವೃತ್ತಿಯಲ್ಲಿ ಮರ್ಯಾದೆಯಲ್ಲ. ನೋಡಿಯೇ ಬೇಡ ಎನ್ನಬೇಕು.

ಉದಯಶಂಕರರು ಕಪ್ಪಿನದ್ದನ್ನು ತೋರಿಸಿದರು. ಕೆಟ್ಟದಿರಲಿಲ್ಲ. ಬೂದಿಯದ್ದಕ್ಕಿಂತ ಸ್ವಲ್ಪ ದಪ್ಪ. ಕೆಲಸ ಜಾಸ್ತಿಯಾದರೆ ಬುಸ್ಸೆಂದು ಉಸಿರು ಬಿಡುತ್ತಿತ್ತು. ಬಣ್ಣ ಕಪ್ಪು ಎಂದು ಹುಡುಗಿಯನ್ನು ಬೇಡ ಎಂದವರಿಗೆ ನಾನು ಎಷ್ಟೋ ಸಲ ಬೈದಿದ್ದೇನೆ. (ಅದು ಬೇರೆಯವರ ಮನೆಯ ವಿಷಯ.) ನೋಡಿದೆ, ಚಂದ ಉಂಟು, ಬೇಕಾದ ಅನುಕೂಲ ಎಲ್ಲ ಉಂಟು ಎಂದು ಹೇಳಿದೆ. ಬೇಡ ಎನ್ನುವ ಮೊದಲು ನಾಲ್ಕು ಒಳ್ಳೆಯ ಮಾತು ಆಡುವುದು ಕ್ರಮ.

ಉದಯಶಂಕರರು ಆ ನಾಲ್ಕು ಒಳ್ಳೆಯ ಮಾತನ್ನೇ ಒಪ್ಪಿಗೆ ಎಂದುಕೊಂಡು ನನ್ನನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ಅವರ ಅಪ್ಪ ರೇಡಿಯೊ ಮಾರುತ್ತಿದ್ದ ಕಾಲದಿಂದ ಆ ಅಂಗಡಿಯಲ್ಲಿ ವ್ಯಾಪಾರ ಕುದುರಿದರೆ ಎಲೆ ಅಡಿಕೆ ಕೊಡುವ ಪದ್ಧತಿ. ಒಂದು ವೀಳ್ಯ ಹಿಡಿದು ಬಲಗೈಯಲ್ಲಿ ನನ್ನ ಮುಂದೆ ಚಾಚಿದರು.

ಒಂದು ವಿಷಯ ಹೇಳುತ್ತೇನೆ. ನಮ್ಮವರು ಹೋದ ಮೇಲೆ ನನ್ನ ಕೈಗೆ ಯಾರೂ ವೀಳ್ಯ ಕೊಟ್ಟಿರಲಿಲ್ಲ. ಮದುವೆ ಮನೆಯಲ್ಲಿ ವೀಳ್ಯದ ಹರಿವಾಣ ನನ್ನ ಹತ್ತಿರ ಬರುವಾಗ ನನ್ನ ಕುರ್ಚಿ ಬಿಟ್ಟು ಆಚೆಗೆ ಹೋಗುತ್ತದೆ. ನಾನು ಮುಖ ಬೇರೆ ಕಡೆ ಮಾಡಿ ಫ್ಯಾನು ನೋಡುತ್ತೇನೆ. ಇವರು ಕೊಟ್ಟರು. ತಲೆ ಯೋಚನೆ ಮಾಡುವ ಮೊದಲು ಕೈ ಮುಂದೆ ಹೋಯಿತು. ಬಾಯಿಗೂ ಹಾಕಿದೆ.

ಅಗಿದು ಅರ್ಧವಾದಾಗ ಬುದ್ಧಿ ಬಂತು.

ವೀಳ್ಯ ತೆಗೆದುಕೊಂಡರೆ ನಮ್ಮಲ್ಲಿ ಮಾತು ಕೊಟ್ಟ ಹಾಗೆ. ನಿಶ್ಚಿತಾರ್ಥಕ್ಕೆ ವೀಳ್ಯಶಾಸ್ತ್ರ ಎಂದೇ ಹೆಸರು. ವೀಳ್ಯ ತಿಂದ ಮೇಲೆ ಹಿಂದೆ ಸರಿದ ಒಂದು ಮನೆಯವರನ್ನು ಹಿಂದೆ ನಾನು ಜಗಲಿಯಲ್ಲಿ ನಿಲ್ಲಿಸಿ ಬೈದಿದ್ದೆ. ಈಗ ನನ್ನ ಬಾಯಿ ಕೆಂಪಾಗಿತ್ತು. ಉದಯಶಂಕರರು ಆಗಲೇ ಕಪ್ಪಿನವಳನ್ನು ಚೀಲದಲ್ಲಿಟ್ಟು, ಹಣ ಆಮೇಲೆ ಕೊಟ್ಟರೆ ಸಾಕು, ಬೆಳ್ಯಪ್ಪಣ್ಣನ ಮನೆಯಲ್ಲವಾ ಎಂದು ಬಸ್ಸಿನವರೆಗೆ ತಂದುಕೊಟ್ಟರು. ಹುಡುಗಿಯನ್ನು ದಿಬ್ಬಣದ ಬಸ್ಸು ಹತ್ತಿಸಿದ ಹಾಗೆ.

ಮನೆಗೆ ಬಂದಾಗ ಮೇದಪ್ಪ ಚೀಲ ನೋಡಿ ಹಲ್ಲು ಬಿಟ್ಟ. ಆ ಹಲ್ಲು ನೋಡಿದ್ದಕ್ಕೇ ಮರುದಿನ ಮೊದಲ ಬಸ್ಸಿಗೆ ಪುತ್ತೂರಿಗೆ ಹೋಗಿ ಬೂದಿಯದ್ದನ್ನೂ ಕೊಂಡುಕೊಂಡೆ.

ನಿಂತಲ್ಲಿಂದಲೇ ಉದಯಶಂಕರರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ವೀಳ್ಯ ತಿಂದಿದ್ದೀರಲ್ಲ ಕಮಲಕ್ಕ," ಎಂದರು.

"ತಿಂದಿದ್ದೇನೆ. ಹಾಗಾಗಿ ವಾಪಸು ಕಳಿಸುದಿಲ್ಲ. ಬೇರೆ ಒಳ್ಳೆಯ ಮನೆ ನೋಡಿ ಕೊಡ್ತೇನೆ. ನನ್ನ ಕೆಲಸವೇ ಅದು."

ಅವರು ನಕ್ಕರು. ಭಾನುವಾರದವರೆಗೆ ವಾಯಿದೆ ಕೊಟ್ಟರು. ಅಷ್ಟರೊಳಗೆ ಮನೆ ಸಿಗದಿದ್ದರೆ ಅವಳು ನಿಮ್ಮ ಮನೆಗೇ ಸೊಸೆ ಎಂದರು.

ನಾನು ಕೂತು ಯೋಚಿಸಿದೆ. ಕಡಬದ ಕುಮುದಿನಿಯ ನೆನಪಾಯಿತು. ಅವಳು ಹೊಲಿಗೆ ಕಲಿಸುತ್ತಾಳೆ. ಊರೂರಿಗೆ ಹೋಗಿ ಕಲಿಸುವುದು. ರವಿಕೆಯ ಹೊಸ ಹೊಸ ಕುತ್ತಿಗೆ ತೋರಿಸಲು ಒಂದು ಲ್ಯಾಪ್‌ಟಾಪ್ ಬೇಕೆಂದು ಯಾರ ಹತ್ತಿರವೋ ಹೇಳಿದ್ದಳಂತೆ. ತನ್ನ ಮಗ ಕೀರ್ತನನ ಜಾತಕವನ್ನು ಎಲ್ಲರಿಗಿಂತ ಮೊದಲು ಬಂದು ಕೊಂಡುಹೋದವಳೂ ಅವಳೇ. ಅದು ನನ್ನ ಮನಸ್ಸಿನಲ್ಲಿತ್ತು. ಆದರೆ ವ್ಯಾಪಾರ ವ್ಯಾಪಾರ. ಫೋನ್ ಮಾಡಿದೆ. ಶನಿವಾರ ಬಂದು ನೋಡುತ್ತೇನೆ ಎಂದಳು.

ಶನಿವಾರ ಬೆಳಗ್ಗೆ ಕಪ್ಪಿನವಳನ್ನು ಒರೆಸಿ, ಮೇಜಿನ ಮೇಲೆ ಕಸೂತಿ ಬಟ್ಟೆ ಹಾಸಿ ಕೂರಿಸಿದೆ. ಕುಮುದಿನಿಗೆ ಬಾಳೆಹಣ್ಣು, ಚಾ ಕೊಟ್ಟೆ. ಆಮೇಲೆ ನಮ್ಮವರ ಧ್ವನಿಯಲ್ಲಿ ಶುರು ಮಾಡಿದೆ. ನೋಡಲಿಕ್ಕೆ ಸಾಧಾರಣ ಇರಬಹುದು, ಗುಣ ನೋಡಬೇಕು. ಗಟ್ಟಿ ಜೀವ. ಬಿದ್ದರೆ ಮುರಿಯುವ ಜಾತಿಯಲ್ಲ. ಬಂದ ನೆಂಟರನ್ನು ಎಲ್ಲ ಸೇರಿಸಿಕೊಳ್ಳುತ್ತಾಳೆ, ಅಷ್ಟು ತೂತು ಉಂಟು. ಉಸಿರು ಸ್ವಲ್ಪ ಜೋರು, ಆದರೆ ಕೆಲಸ ಮಾಡುವವರಿಗೆ ಉಸಿರು ಬರುವುದೇ. ನಾನೇ ಕೇಳಿ ನಾನೇ ಒಪ್ಪುವಷ್ಟು ಚೆನ್ನಾಗಿ ಹೇಳಿದೆ.

ಕುಮುದಿನಿ ಹೂಂ ಹೂಂ ಎನ್ನುತ್ತಿದ್ದಳು. ಕಣ್ಣು ಮಾತ್ರ ಕಿಟಕಿಯ ಕಡೆ ಹೋಗುತ್ತಿತ್ತು.

ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಬೂದಿಯವಳು ಬಾಯಿ ತೆರೆದು ಕೂತಿದ್ದಳು. ಬೆಳಗ್ಗೆ ಅಭ್ಯಾಸ ಮಾಡಿ ಮುಚ್ಚದೆ ಹಾಗೆಯೇ ಬಿಟ್ಟಿದ್ದೆ. ಅಕ್ಕನನ್ನು ತೋರಿಸುವ ದಿನ ತಂಗಿಯನ್ನು ಅಜ್ಜಿಮನೆಗೆ ಕಳಿಸಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಎಷ್ಟು ತಾಯಂದಿರಿಗೆ ಇದನ್ನು ನಾನು ಹೇಳಿಕೊಟ್ಟಿದ್ದೇನೆ. ನನಗೆ ಹೇಳಿಕೊಡುವವರು ಯಾರೂ ಇರಲಿಲ್ಲ.

"ಅದು ಯಾವುದು ಕಮಲಕ್ಕ?"

"ಅದು ನನ್ನದು. ಕೊಡ್ಲಿಕ್ಕಿಲ್ಲ."

ಅವಳು ಎದ್ದು ಹೋಗಿ ಎತ್ತಿಯೇ ಬಿಟ್ಟಳು. ಹೊಲಿಗೆಯ ಸಾಮಾನು ಹೊತ್ತು ಹೊತ್ತು ಅವಳ ಭುಜ ನೋಯುತ್ತದಂತೆ, ಡಾಕ್ಟರು ಭಾರ ಎತ್ತಬಾರದು ಎಂದಿದ್ದಾರಂತೆ, ಇದಾದರೆ ಬಟ್ಟೆಯ ಹಾಗೆ ಉಂಟಂತೆ. ಅಷ್ಟರಲ್ಲಿ ಪರದೆ ಎಚ್ಚರವಾಗಿ ಒಂದು ಫೋಟೊ ಬೆಳಗಿತು. ಸವಣೂರಿನ ಯಶ್ಮಿತಾ. ವಾಪಸು ಹೋಗದೆ ನನ್ನಲ್ಲಿ ಉಳಿದಿದ್ದ ಒಂದೇ ಹುಡುಗಿ. (ಅವಳ ಅಪ್ಪನಿಗೆ ಮರೆವು ಜಾಸ್ತಿ.)

ಕುಮುದಿನಿ ಲ್ಯಾಪ್‌ಟಾಪನ್ನು ಮಡಿಲಿನಲ್ಲಿಟ್ಟು ಕೂತಳು.

"ಇದು ಯಾರ ಮನೆಯ ಹುಡುಗಿ?"

ಹೇಳಿದೆ. ನರ್ಸಿಂಗ್ ಓದಿದ್ದಾಳೆ, ಪುತ್ತೂರಿನಲ್ಲಿ ಕೆಲಸ, ಅಡಿಗೆ ಸಾಧಾರಣ, ಸುಳ್ಳು ಹೇಳಬಾರದು. ಕುಮುದಿನಿ ಫೋಟೊವನ್ನು ದೊಡ್ಡದು ಮಾಡಿ ಕಣ್ಣು ನೋಡಿದಳು, ಹುಬ್ಬು ನೋಡಿದಳು, ರವಿಕೆಯ ಹೊಲಿಗೆಯನ್ನೂ ನೋಡಿದಳು.

"ಕೀರ್ತನನ ಜಾತಕ ಕಳಿಸಿದ್ರೆ ನೋಡ್ತೀರಾ ಕಮಲಕ್ಕ?"

ನಾನು ಕಾಯುತ್ತಿದ್ದ ಮಾತು ಅದೇ. ಆದರೂ ಕೂಡಲೇ ಹೂಂ ಎನ್ನಲಿಲ್ಲ.

"ನೋಡ್ತೇನೆ. ಮಾತುಕತೆಗೆ ನಾನೇ ಬರ್ತೇನೆ. ಮೇದಪ್ಪನನ್ನು ಕಳಿಸುದಿಲ್ಲ. ಎದುರಿನ ಸಾಲಿನಲ್ಲಿ ಕೂತುಕೊಳ್ತೇನೆ. ವೀಳ್ಯ ಕೊಡುವಾಗ ನನಗೂ ಕೊಡ್ಬೇಕು. ಆಗ್ತದೆ ಅಂದ್ರೆ ಈಗ ಹೇಳು."

ಹೊರಗೆ ಮೇದಪ್ಪ ಕೆಮ್ಮುವುದು ಕೇಳಿಸಿತು. ಗೋಡೆಗೆ ಕಿವಿ ಕೊಟ್ಟಿದ್ದ ಎಂದು ಕಾಣುತ್ತದೆ.

"ಬನ್ನಿ," ಎಂದಳು. "ಅವತ್ತು ನಾನು ಹಾಗೆ ಬಂದು ಕೊಂಡುಹೋಗಬಾರದಿತ್ತು."

"ಹೋದದ್ದು ಹೋಯ್ತು. ಈಗ ಕಪ್ಪಿನದ್ದನ್ನು ಚೀಲಕ್ಕೆ ಹಾಕ್ಲಾ?"

"ಇಲ್ಲ ಕಮಲಕ್ಕ. ನನಗೆ ಇದೇ ಇರಲಿ."

ನಾನು ಬೇಡ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಹುಡುಗನ ತಾಯಿ ಈಗಷ್ಟೇ ಒಪ್ಪಿದ್ದಾಳೆ. ಇಂಥ ಹೊತ್ತಿನಲ್ಲಿ ಹುಡುಗನ ತಾಯಿ ಕೇಳಿದರೆ ನಮ್ಮ ವೃತ್ತಿಯವರು ಛಾವಣಿಯ ಹಂಚನ್ನೂ ಇಳಿಸಿ ಕೊಡಬೇಕು. ಬೂದಿಯವಳನ್ನು ಕೊಂಡ ಕ್ರಯಕ್ಕೇ ಕೊಟ್ಟು, ನಾನೇ ಮಡಚಿ, ನಾನೇ ಚೀಲಕ್ಕೆ ಹಾಕಿ, ಗೇಟಿನವರೆಗೆ ಕಳಿಸಿಕೊಟ್ಟೆ. ಯಶ್ಮಿತಾಳ ಫೋಟೊ ಅದರಲ್ಲೇ ಹೋಯಿತು. ಮೊದಲು ಅದನ್ನು ಕಪ್ಪಿನದ್ದಕ್ಕೆ ಪೆನ್‌ಡ್ರೈವಿನಲ್ಲಿ ಇಳಿಸಿಕೊಳ್ಳೋಣ ಎಂದು ನೋಡಿದ್ದೆ. ಬೂದಿಯವಳ ತೂತಿಗೆ ಹೋಗಲಿಲ್ಲ. ಕೊನೆಗೆ ಕುಮುದಿನಿಯೇ ಪರದೆಯ ಮೇಲಿದ್ದದ್ದನ್ನು ತನ್ನ ಫೋನಿನಲ್ಲಿ ಹಿಡಿದು ನನಗೆ ಕಳಿಸಿದಳು.

ಮೇದಪ್ಪ ಒಳಗೆ ಬಂದು ಮೇಜಿನ ಮೇಲಿದ್ದ ಕಪ್ಪಿನದ್ದನ್ನು ನೋಡಿದ. ನನ್ನನ್ನು ನೋಡಿದ. "ಅದೇ ಸರಿ ಅಂತ ನಾನು ಅವತ್ತೇ..." ಎಂದು ಶುರು ಮಾಡಿದ. ಬಾಳೆಹಣ್ಣು ಉಳಿದಿತ್ತು. ಒಂದನ್ನು ಅವನ ಬಾಯಿಗೆ ಕೊಟ್ಟೆ.

ಭಾನುವಾರ ಉದಯಶಂಕರರ ಫೋನ್ ಬಂತು. ನಾನು ಆಗ ಕಪ್ಪಿನದ್ದರಲ್ಲಿ ಕೀರ್ತನನ ಜಾತಕ ತೆರೆದು ಕೂತಿದ್ದೆ. ಅಕ್ಷರ ದೊಡ್ಡದಾಗಿ ಚೆನ್ನಾಗಿ ಕಾಣುತ್ತಿತ್ತು, ಅದನ್ನು ಒಪ್ಪಬೇಕು.

"ಕಮಲಕ್ಕ, ಕಪ್ಪಿನವಳಿಗೆ ಮನೆ ಸಿಕ್ಕಿತಾ?"

"ಸಿಕ್ಕಿತು. ಹಣ ನಾಳೆ ತರ್ತೇನೆ."

"ಒಳ್ಳೆಯ ಕಡೆಯಾ?"

"ಪಂಜದಲ್ಲೇ. ಅತ್ತೆ ಇಲ್ಲ, ನಾದಿನಿ ಇಲ್ಲ. ಮೈದುನ ಒಬ್ಬ ಉಂಟು, ಬಾಯಿ ಸ್ವಲ್ಪ ದೊಡ್ಡದು. ಮನೆಯ ಯಜಮಾನ್ತಿಗೆ ಗಂಡ ಇಲ್ಲ. ಅವಳಿಗೆ ಮೊದಲು ಹುಡುಗಿ ಹಿಡಿಸಿರಲಿಲ್ಲ. ಈಗ ಹೊಂದಿಕೊಂಡಿದ್ದಾಳೆ."