ಕಡವೆ ಬೇಟೆಗೆ ಖಾರಾ ಪೊಂಗಲ್

ಬೇಡ ಅನ್ನಬೇಕಾದ ಕಡೆ ಬೇಡ ಅನ್ನಲು ಬಾರದಿರುವುದು ಒಂದು ಕಾಯಿಲೆ. ನನಗದು ಮೊದಲಿನಿಂದಲೂ ಇತ್ತು, ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಉಲ್ಬಣಿಸಿತು. ಇಲ್ಲಿ ಎಲ್ಲದಕ್ಕೂ 'ನೋ ವರೀಸ್' ಅನ್ನುತ್ತಾರಲ್ಲ, ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದಾಗ ಕಲಿತ ಆ ಮಾತನ್ನು ಮೆಲ್ಬರ್ನ್‌ಗೂ ಹೊತ್ತು ತಂದೆ. ಹಾಗಂದೇ ಒಬ್ಬರ ಸೋಫಾ ಹೊತ್ತಿದ್ದೇನೆ, ಇನ್ನೊಬ್ಬರ ನಾಯಿಗೆ ಸ್ನಾನ ಮಾಡಿಸಿದ್ದೇನೆ. ಟ್ರುಗನಿನಾದ ನಮ್ಮ ಗೋದಾಮಿನ ಮ್ಯಾನೇಜರ್ ಗ್ರೆಗ್ ಒಂದು ದಿನ ನನ್ನ ಊಟದ ಡಬ್ಬಿಗೆ ಚಮಚ ಹಾಕಿ, ರುಚಿ ನೋಡಿ, "ನಾನೂ ನನ್ನ ಗೆಳೆಯ ಸ್ಟೀವೂ ಬೆಟ್ಟಕ್ಕೆ ಕಡವೆ ಬೇಟೆಗೆ ಹೋಗ್ತಿದ್ದೀವಿ. ನೀನೂ ಬಾ, ಅಡುಗೆ ನಿಂದು" ಎಂದ. ನೋ ವರೀಸ್ ಅಂದುಬಿಟ್ಟೆ. ಮನೆಯಲ್ಲಿ ಮೊಟ್ಟೆ ಇರುವ ಕೇಕನ್ನೂ ಒಳಗೆ ಬಿಡದವರು ನಾವು.

ವರಿ ಶುರುವಾದದ್ದು ಆಮೇಲೆ. ಮೊದಲು ಬಿದ್ದ ಕಡವೆಯ ಲಿವರನ್ನು ಅಲ್ಲೇ ಬೆಂಕಿಯ ಮೇಲೆ ಹುರಿದು, ಗುಂಪಿಗೆ ಹೊಸಬನಾದವನಿಗೆ ಮೊದಲ ತುತ್ತು ಕೊಡುವುದು ಅವರ ಪದ್ಧತಿಯಂತೆ. ನಾನು ಸಸ್ಯಾಹಾರಿ ಎಂದು ನೆನಪಿಸಿದೆ. "ಒಂದೇ ತುತ್ತಪ್ಪಾ, ಶಕುನಕ್ಕೆ" ಎಂದು ಗ್ರೆಗ್ ಬೆನ್ನು ತಟ್ಟಿದ. ಆ ಒಂದು ತುತ್ತು ಅಂದಿನಿಂದ ನನ್ನ ಗಂಟಲಲ್ಲೇ ಕೂತಿತು.

ಕಾರು ನಿಲ್ಲಿಸಿದ ಮೇಲೆ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯಬೇಕು, ಹಾಗಾಗಿ ಅಡುಗೆ ಹಗುರಾಗಿರಬೇಕು, ಒಂದೇ ಪಾತ್ರೆಯಲ್ಲಿ ಆಗಬೇಕು ಎಂದಿದ್ದ ಗ್ರೆಗ್. ನನ್ನ ಹೆಂಡತಿ ಸುಧಾ ಕುಕ್ಕರು, ಒಗ್ಗರಣೆ ಸೌಟು, ಚಕ್ಕುಲಿ ಡಬ್ಬಿ ಎಲ್ಲ ತೆಗೆದಿಟ್ಟಳು. ಅದನ್ನೆಲ್ಲ ಹೊರಲು ಕಡವೆಯನ್ನೇ ಪಳಗಿಸಬೇಕಿತ್ತು. ಕೊನೆಗೆ ರಾತ್ರಿಗೆ ಗೊಜ್ಜವಲಕ್ಕಿ, ಬೆಳಿಗ್ಗೆಗೆ ಖಾರಾ ಪೊಂಗಲ್ ಎಂದಾಯಿತು. ಅಕ್ಕಿ, ಹುರಿದ ಹೆಸರುಬೇಳೆ, ಮೆಣಸು, ಜೀರಿಗೆ, ಗೋಡಂಬಿ ಎಲ್ಲ ಒಂದೇ ಚೀಲಕ್ಕೆ. ತುಪ್ಪ ಬೇರೆ ಬಾಟಲಿಗೆ. ಅದನ್ನು ತುಂಬಿಸುತ್ತಾ ಸುಧಾ, "ಬೆಳಬೆಳಿಗ್ಗೆ ಪೊಂಗಲ್ ತಿನ್ನಿಸ್ತೀರಾ? ಆಮೇಲೆ ಅವ್ರು ಬಂದೂಕು ಹಿಡಿದ ಹಾಗೇ ಇದೆ" ಅಂದಳು. ಲಿವರಿನ ಚಿಂತೆಯಲ್ಲಿ ಆ ಮಾತು ನನ್ನ ಕಿವಿಗೇ ಹೋಗಲಿಲ್ಲ.

ಬೆಟ್ಟದಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಗ್ರೆಗ್ಗೂ ಸ್ಟೀವೂ ಪೊಂಗಲನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಪಾತ್ರೆಯ ತಳ ಕೆರೆದರು. ನನಗೆ ತುತ್ತು ಇಳಿಯಲಿಲ್ಲ. ನನ್ನ ಪಾಲನ್ನು ಡಬ್ಬಿಗೆ ಹಾಕಿಕೊಂಡೆ. ಆಮೇಲೆ ಹಳ್ಳದ ಬದಿಯ ಪೊದೆಯ ಹಿಂದೆ ಕೂತೆವು. ಮಾತಾಡಬಾರದು, ಕದಲಬಾರದು, ಕಡವೆ ಕಂಡರೆ ಮೆಲ್ಲಗೆ ಭುಜ ಮುಟ್ಟಬೇಕು. ಬಿಸಿಲು ಬೆನ್ನಿಗೆ ಹಿತವಾಗಿ ಬಿತ್ತು. ಹೊಟ್ಟೆ ತುಂಬ ಪೊಂಗಲ್ ತಿಂದವರನ್ನು ಹಾಗೆ ಕೂರಿಸಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಸ್ಟೀವ್ ಶ್ರುತಿ ಹಿಡಿದ, ಗ್ರೆಗ್ ಜೊತೆಗೂಡಿದ.

ಆಗ ಕಡವೆ ಬಂತು. ನೀರಿಗೆ ಬಾಯಿಡುವ ಮೊದಲು ನಮ್ಮ ಕಡೆ ನೋಡಿತು. ಇವುಗಳ ಹಿರಿಯರನ್ನು ನಮ್ಮ ದೇಶದ ಕಡೆಯಿಂದಲೇ ಹಡಗಿನಲ್ಲಿ ತಂದರಂತೆ; ಇಲ್ಲೇ ಕಾಯಂ ಆಗಿ ಇರಲು ಪಿಆರ್ ಸಿಕ್ಕು ಎಷ್ಟೋ ತಲೆಮಾರು ಕಳೆದಿವೆ. ನಮ್ಮ ಕಡೆಯವರನ್ನು ಹಿಡಿದುಕೊಡುವುದು ಹೇಗೆ? ಗ್ರೆಗ್‌ನ ಭುಜ ಪಕ್ಕದಲ್ಲೇ ಇತ್ತು. ನನ್ನ ಕೈ ಏಳಲಿಲ್ಲ. ಕಡವೆ ನಿಧಾನವಾಗಿ ನೀರು ಕುಡಿದು ಹೊರಟುಹೋಯಿತು.

ಎದೆಯ ಮೇಲಿದ್ದ ಬಂಡೆ ಇಳಿದಂತಾಯಿತು. ಡಬ್ಬಿ ತೆಗೆದು ತಣ್ಣಗಿನ ಪೊಂಗಲನ್ನು ತಿಂದೆ. ಅಷ್ಟು ರುಚಿಯಾದದ್ದನ್ನು ಇನ್ನೆಂದೂ ತಿಂದಿಲ್ಲ. ತಿಂದು ನಾನೂ ಮಲಗಿದೆ. ಎದ್ದ ಮೇಲೆ ಗ್ರೆಗ್ ಗೊರಸಿನ ಗುರುತು ನೋಡಿ, ನಮ್ಮ ವಾಸನೆ ಹೊತ್ತೊಯ್ದಿತೆಂದು ಗಾಳಿಯನ್ನು ಬೈದು, "ಇಂಥಾ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತೋ. ಮುಂದಿನ ಸಲಾನೂ ಇದೇ ತಿಂಡಿ ಇರಲಿ" ಎಂದ.

ಮನೆಗೆ ಬಂದು, ಕಡವೆಯ ಪ್ರಾಣ ಉಳಿಸಿದ ಕಥೆಯನ್ನು ಸುಧಾಳಿಗೆ ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ.

"ಉಳಿಸಿದ್ದು ನೀವಲ್ಲ, ನನ್ನ ತುಪ್ಪ" ಎಂದು ಅವಳು ಕಿಟಕಿಯ ಕಡೆ ಕೈ ತೋರಿಸಿದಳು. "ಪ್ರತಿ ಭಾನುವಾರ ನಾನು ಪೊಂಗಲ್ ಮಾಡ್ತೀನಿ. ಪ್ರತಿ ಭಾನುವಾರ ನೀವು ತಿಂದು, ಒಂದು ನಿಮಿಷ ಒರಗಿ ಎದ್ದು ಲಾನ್ ಕತ್ತರಿಸ್ತೀನಿ ಅಂತೀರ."

ಹಿತ್ತಿಲಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಆ ಕಡವೆ ಬಳಗ ಸಮೇತ ಬಂದಿದ್ದರೂ ಮಿಗುತ್ತಿತ್ತು.

"ಹಾಗಾದ್ರೆ ಈ ಭಾನುವಾರ ಉಪ್ಪಿಟ್ಟು ಮಾಡ್ಲಾ?" ಎಂದು ಕೇಳಿದಳು.

"ಬೇಡ" ಅಂದೆ. ಅಷ್ಟು ಸರಾಗವಾಗಿ ನನಗೆ ಆ ಮಾತು ಬಾಯಿಗೆ ಬಂದದ್ದು ಅದೇ ಮೊದಲು.